‘ಡೀಪ್ ಸೀ’ ಮಾಲು ಕೊಳ್ಳಲೋ ಬೇಡವೋ? ಹುಬ್ಬಳ್ಳಿ ಖಾನಾವಳಿಯಿಂದ ಒಂದು ಪ್ರಶ್ನೆ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಮೀನೂಟದ ಸಣ್ಣ ಖಾನಾವಳಿ. ಕಾರವಾರ, ಅಂಕೋಲಾ, ಮಲ್ಪೆ ಕಡೆಯಿಂದ ಬರುವ ಮಾಲನ್ನು ಗಣೇಶಪೇಟೆ ಮಾರ್ಕೆಟ್ಟಿನಲ್ಲಿ ಕೊಳ್ಳುತ್ತೇನೆ. ಈಚೆಗೆ ಒಬ್ಬ ಏಜೆಂಟರು ‘ಡೀಪ್ ಸೀ ಮಾಲು’ ಅಂತ ಹಸಿಯಲ್ಲೇ ಕೆಂಪಗಿರುವ ಸಿಗಡಿ, ಬಿಳಿ ಫಿಲೆಟ್ಟಿನ ಫ್ರೋಜನ್ ಪ್ಯಾಕೆಟ್ ತಂದು ತೋರಿಸುತ್ತಿದ್ದಾರೆ. ರೇಟೂ ಕಡಿಮೆ. ‘ದಂಡಿ ಮೀನೆಲ್ಲಾ ಆಳಕ್ಕ ಹೋಗ್ಯಾವ್ರೀ ಅಕ್ಕಾ. ಅಲ್ಲಿ ಎಷ್ಟು ಹಿಡಿದ್ರೂ ಮುಗಿಯೂದಿಲ್ಲ, ಹೊಲಸೂ ಇರೂದಿಲ್ಲ’ ಅನ್ನುತ್ತಾರೆ. ಬಿಎಸ್ಸಿ ಓದುತ್ತಿರುವ ಮಗಳು ಇದನ್ನು ಕೇಳಿ ಸಿಟ್ಟಿಗೆದ್ದಿದ್ದಾಳೆ. ‘ಅವ್ವಾ, ಅಲ್ಲಿಯ ಮೀನು ನೂರು ವರ್ಷದವು, ಹವಳ ಸಾವಿರಾರು ವರ್ಷದ್ದು. ಬಲೆ ಎಳೆದು ಎಲ್ಲಾ ಹಾಳು ಮಾಡ್ಯಾರ. ನೀ ಮೀನು ಮಾರೂದನ್ನ ಬಿಡು’ ಅನ್ನುತ್ತಾಳೆ. ಯಾರ ಮಾತು ಖರೆ? ನಾನೊಬ್ಬಳು ಬಿಟ್ಟರೆ ಸಮುದ್ರಕ್ಕೇನು ಫರಕು? ಇದನ್ನೇ ಮುಂದೆ ಓದಬೇಕು ಅಂತಲೂ ಅವಳ ಹಟ. ಎಲ್ಲಿಗೆ ಕಳಿಸಬೇಕು?
(ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಅಕ್ಕಾವರೇ, ಏಜೆಂಟರ ಮಾತಿನಲ್ಲಿ ಮುಕ್ಕಾಲು ಪಾಲು ವ್ಯಾಪಾರದ ಮಾತು. ಮಗಳು ಹೇಳಿದ್ದು ಖರೆ, ಆದರೆ ಅದು ನಿಮ್ಮ ಬಂಗಡೆಗೆ ತಗಲುವ ಮಾತಲ್ಲ. ಹಾಗಾಗಿ ಖಾನಾವಳಿ ಮುಚ್ಚುವ ಯೋಚನೆ ಬೇಡ. ನಿಮ್ಮ ಚಿಂತೆ ನನಗೆ ತಿಳಿದದ್ದು ಹೀಗೆ: ಅಗ್ಗದ ಈ ಹೊಸ ಮಾಲು ಕೊಂಡರೆ ಎಲ್ಲೋ ಏನೋ ಹಾಳಾಗುತ್ತದಾ? ಗಿರಾಕಿಗೆ ಏನಾದರೂ ತೊಂದರೆ ಆದೀತಾ? ಬಿಟ್ಟರೆ ಅದರಿಂದ ಉಪಯೋಗ ಉಂಟಾ? ಮೀನು ಸಮೀಕ್ಷೆಯ ಹಡಗುಗಳಲ್ಲಿ ದುಡಿದು ಈಗ ಧಾರವಾಡದಲ್ಲಿ ಕೂತಿರುವವನು ನಾನು. ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲು ಈ ‘ಡೀಪ್ ಸೀ’ ಎಂಬ ಹಣೆಪಟ್ಟಿ. ಮಲ್ಪೆ, ಮಂಗಳೂರಿನ ದೊಡ್ಡ ಟ್ರಾಲ್ ಬೋಟುಗಳು (ಚೀಲದಂಥ ಬಲೆಯನ್ನು ನೀರಿನಡಿ ಎಳೆಯುತ್ತ ಹೋಗುವವು) ಐಸು, ಡೀಸೆಲ್, ರೇಷನ್ನು ತುಂಬಿಕೊಂಡು ಎಂಟು-ಹತ್ತು ದಿನಕ್ಕೆ ಹೊರಟರೆ ಬಂದರಿನಲ್ಲಿ ‘ಆಳಸಮುದ್ರಕ್ಕೆ ಹೋದವು’ ಅನ್ನುತ್ತಾರೆ. ಪೇಪರಿನಲ್ಲೂ ಹಾಗೇ ಬರುತ್ತದೆ. ಆದರೆ ಅವರ ಬಲೆ ಹೆಚ್ಚಾಗಿ ಬೀಳುವುದು ನೂರು-ನೂರೈವತ್ತು ಮೀಟರಿನ ಒಳಗೆ. ನಮ್ಮ ಕರಾವಳಿಯಿಂದ ಸಮುದ್ರದ ತಳ ಹೆಚ್ಚುಕಮ್ಮಿ ನೂರು ಕಿಲೋಮೀಟರ್ ದೂರದವರೆಗೆ ಮೆಲ್ಲಗೆ ಇಳಿಯುತ್ತ ಹೋಗುತ್ತದೆ. ನೀರಿನ ಆಳ 200 ಮೀಟರ್ ಆಗುವ ಹೊತ್ತಿಗೆ ತಳ ಒಮ್ಮೆಲೇ ಕಡಿದಾಗುತ್ತದೆ. ವಿಜ್ಞಾನದವರು ಆಳಸಮುದ್ರ ಅನ್ನುವುದು ಅಲ್ಲಿಂದ ಕೆಳಗಿನದನ್ನು. ಜಗತ್ತಿನ ಸಮುದ್ರಗಳ ಸರಾಸರಿ ಆಳ ಸುಮಾರು 3,700 ಮೀಟರ್ ಇದೆ. ಅಂದರೆ ಸಮುದ್ರದ ಬಹುಪಾಲು ಆಳವೇ. ನೀವು ಕೊಳ್ಳುವ ಬಂಗಡೆ, ತಾರ್ಲೆ, ಇಸ್ವಾನ್, ಪಾಂಪ್ಲೆಟ್, ರಾಣಿ ಮೀನು ಎಲ್ಲವೂ ದಂಡೆ ಕಡೆಯ ಆ ಮೆಲ್ಲನೆಯ ಇಳಿಜಾರಿನ ಮೇಲಿನವು.

ದಂಡೆ ಮೀನು ಆಳಕ್ಕೆ ಹೋಯಿತು ಎಂಬುದು ಕೇಳಲು ಚಂದ. ನೀರು ಬಿಸಿಯಾದಂತೆ ಬಂಗಡೆ ಉತ್ತರಕ್ಕೂ ಸ್ವಲ್ಪ ಕೆಳಕ್ಕೂ ಸರಿಯುತ್ತಿದೆ ಎಂದು ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿದ್ದು ನಿಜ. ಆ ‘ಕೆಳಕ್ಕೆ’ ಅಂದರೆ ಕೆಲವು ಹತ್ತು ಮೀಟರ್. ಐನೂರು ಮೀಟರಿನ ಕತ್ತಲಲ್ಲಿ, ಆ ಥಂಡಿಯಲ್ಲಿ ಬಂಗಡೆ ಸಂಸಾರ ಮಾಡುವುದಿಲ್ಲ. ಅಲ್ಲಿರುವವು ಬೇರೆಯೇ ಜೀವಿಗಳು. ಇನ್ನೊಂದು ಮಾತು: ಮೀನು ಸಿಗದೆ ಹೋದಾಗಲೆಲ್ಲ ಬಲೆಯನ್ನೇ ಬೈಯಬೇಕಿಲ್ಲ. ಮಳೆಗಾಲದಲ್ಲಿ ಮತ್ತು ಅದರ ನಂತರ ಅರಬ್ಬಿ ಸಮುದ್ರದ ಕೆಳಗಿನ, ಆಮ್ಲಜನಕ ಕಡಿಮೆ ಇರುವ ನೀರು ನಮ್ಮ ದಂಡೆಯವರೆಗೆ ಏರಿ ಬರುತ್ತದೆ. ಆಗ ಮೀನು ಜಾಗ ಬಿಡುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಸಿಕ್ಕಿದ್ದ ತಾರ್ಲೆ 2021ರಲ್ಲಿ ಮೂರು-ಮೂರೂವರೆ ಸಾವಿರ ಟನ್ನಿಗೆ ಬಿತ್ತು. ಅದರಲ್ಲಿ ಸಮುದ್ರದ ಹವಾಮಾನದ ಪಾಲೂ ದೊಡ್ಡದು.

ಇನ್ನು ‘ಎಷ್ಟು ಹಿಡಿದರೂ ಮುಗಿಯುವುದಿಲ್ಲ’. ಒಂದು ಕಾಲಕ್ಕೆ ಇದರ ಪೂರ್ತಿ ಉಲ್ಟಾ ನಂಬಿಕೆ ಇತ್ತು. ಆಳದಲ್ಲಿ ಜೀವವೇ ಇಲ್ಲ ಎಂದುಕೊಂಡಿದ್ದರು. ಎಡ್ವರ್ಡ್ ಫೋರ್ಬ್ಸ್ ಎಂಬ ಬ್ರಿಟಿಷ್ ವಿಜ್ಞಾನಿ 1843ರಲ್ಲಿ, ಸುಮಾರು 550 ಮೀಟರಿನ ಕೆಳಗೆ ಏನೂ ಬದುಕಲಾರದು ಎಂದು ಲೆಕ್ಕ ಹಾಕಿದ. 1872ರಿಂದ 1876ರವರೆಗೆ ಚಾಲೆಂಜರ್ ಎಂಬ ಬ್ರಿಟಿಷ್ ಸಂಶೋಧನಾ ಹಡಗು ಜಗತ್ತು ಸುತ್ತಿ, ಆಳದಿಂದ ಜೀವಿಗಳನ್ನು ಮೇಲೆತ್ತಿ ತಂದ ಮೇಲೆ ಆ ಮಾತು ಬಿದ್ದುಹೋಯಿತು. ನಮ್ಮ ಅರಬ್ಬಿ ಸಮುದ್ರದಲ್ಲೂ ಇನ್ವೆಸ್ಟಿಗೇಟರ್ ಎಂಬ ಸರ್ವೆ ಹಡಗಿನಲ್ಲಿದ್ದ ಆಲ್ಫ್ರೆಡ್ ಆಲ್ಕಾಕ್ ಎಂಬ ಡಾಕ್ಟರು 1880-90ರ ಹೊತ್ತಿಗೇ ಆಳದ ಮೀನು, ಸಿಗಡಿಗಳನ್ನು ರಾಶಿ ರಾಶಿ ಮೇಲೆತ್ತಿ ವಿವರ ಬರೆದರು. ನಿಮ್ಮ ಏಜೆಂಟರ ಪೆಟ್ಟಿಗೆಯಲ್ಲಿ ಅವರ ಹೆಸರಿನ ಸಿಗಡಿಯೇ ಇದ್ದರೂ ಇದ್ದೀತು. ಅರಿಸ್ಟಿಯಸ್ ಆಲ್ಕಾಕಿ ಅಂತ. ಎರಡನೇ ಮಹಾಯುದ್ಧದ ಸಮಯದಲ್ಲಿ ಸೋನಾರ್ (ಶಬ್ದ ಕಳಿಸಿ, ಅದರ ಪ್ರತಿಧ್ವನಿಯಿಂದ ಆಳ ಅಳೆಯುವ ಯಂತ್ರ) ಹಾಕಿ ನೋಡಿದ ನೌಕಾಪಡೆಯವರಿಗೆ ಮುನ್ನೂರು-ನಾನೂರು ಮೀಟರಿನಲ್ಲೇ ತಳ ಕಂಡಿತು. ರಾತ್ರಿಯಾದರೆ ಆ ‘ತಳ’ ಮೇಲೇಳುತ್ತಿತ್ತು. ಅದು ನೆಲವಾಗಿರಲಿಲ್ಲ, ಬೆರಳುದ್ದದ ಮೀನು, ಸಿಗಡಿ, ಕಪ್ಪೆಬೊಂಡಾಸಿನಂಥವುಗಳ ದಂಡು. ಹಗಲು ಕತ್ತಲಲ್ಲಿ ಅಡಗಿದ್ದು, ಸಂಜೆ ಮೇವಿಗೆ ಮೇಲೆ ಬಂದು, ಬೆಳಗಾಗುವ ಮೊದಲು ಇಳಿದುಬಿಡುತ್ತವೆ. ಆ ಬೆರಳುದ್ದದ ಮೀನುಗಳಲ್ಲಿ ಲ್ಯಾಂಟರ್ನ್ ಮೀನು ಎಂಬವು ಅರಬ್ಬಿ ಸಮುದ್ರದಲ್ಲಿ ವಿಪರೀತ.

ಹಾಗಾದರೆ ಮೀನು ಬೇಕಾದಷ್ಟಿದೆ ಅಲ್ವಾ ಅನ್ನಬಹುದು. ಇದೆ. ಆದರೆ ಲ್ಯಾಂಟರ್ನ್ ಮೀನು ಯಾರ ತಟ್ಟೆಗೂ ಬರುವುದಿಲ್ಲ. ಎಣ್ಣೆ, ಮೇಣ ಜಾಸ್ತಿ, ಮಾಂಸ ಕಡಿಮೆ. ತಟ್ಟೆಗೆ ಬರುವಂಥ ದೊಡ್ಡ ಮೀನುಗಳು ತಳದ ಹತ್ತಿರ ಇರುತ್ತವೆ, ಮತ್ತು ಅವುಗಳ ಬದುಕು ತೀರಾ ನಿಧಾನ.

ಯಾಕೆ ನಿಧಾನ? ಇನ್ನೂರು ಮೀಟರಿನ ಕೆಳಗೆ ಗಿಡ, ಪಾಚಿ ಬೆಳೆಯುವಷ್ಟು ಬಿಸಿಲಿಲ್ಲ. ಸಾವಿರ ಮೀಟರ್ ದಾಟಿದರೆ ಬೆಳಕೇ ಇಲ್ಲ. ಮೇಲಿನಿಂದ ಉದುರುವ ಸತ್ತ ಪಾಚಿ, ಹಿಕ್ಕೆ, ಹೊಟ್ಟು ಇಷ್ಟೇ ಊಟ. ದಾರಿಯಲ್ಲೇ ಅದರ ಬಹುಪಾಲನ್ನು ಬೇರೆಯವು ತಿಂದಿರುತ್ತವೆ. ನೀರು ಕೆಳಕೆಳಗೆ ಹೋದಷ್ಟೂ ತಣ್ಣಗೆ, ತೀರಾ ಆಳದಲ್ಲಿ ನಾಲ್ಕು ಡಿಗ್ರಿಗಿಂತ ಕಡಿಮೆ. ಇಂಥಲ್ಲಿ ಗಡಿಬಿಡಿ ಮಾಡುವ ಜೀವಿ ಉಳಿಯುವುದಿಲ್ಲ. ತಡವಾಗಿ ಬೆಳೆದು, ತಡವಾಗಿ ಮರಿ ಮಾಡಿ, ಬಹಳ ವರ್ಷ ಬದುಕುವುದೇ ಅಲ್ಲಿಯ ರೀತಿ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಬಂಗಡೆ ಹೆಸರು ಬೆಳೆ ಇದ್ದ ಹಾಗೆ. ಮುಂಗಾರಿಗೆ ಬಿತ್ತಿದರೆ ಎರಡೂವರೆ ತಿಂಗಳಿಗೆ ರಾಶಿ. ಆಳದ ದೊಡ್ಡ ಮೀನು ಹೊಲದ ಬದುವಿನ ಹುಣಸೆ ಮರ. ಕಡಿದರೆ ಮತ್ತೆ ಅಂಥದ್ದು ಮೊಮ್ಮಕ್ಕಳ ಕಾಲಕ್ಕೆ.

ಆರೆಂಜ್ ರಫಿ ಎಂಬ ಮೀನು ಈ ಮಾತಿಗೆ ದೊಡ್ಡ ಸಾಕ್ಷಿ. ಸಮುದ್ರದೊಳಗಿನ ಬೆಟ್ಟಗಳ ಮೇಲೆ ತತ್ತಿ ಇಡಲು ಸಾವಿರಗಟ್ಟಲೆ ಒಟ್ಟು ಸೇರುತ್ತದೆ. 1970ರ ದಶಕದ ಕೊನೆಗೆ ನ್ಯೂಜಿಲೆಂಡಿನವರು, ಆಮೇಲೆ ಆಸ್ಟ್ರೇಲಿಯಾದವರು ಆ ಗುಂಪಿನ ಮೇಲೆಯೇ ಬಲೆ ಎಳೆದರು. ಒಂದೇ ಎಳೆತಕ್ಕೆ ಹತ್ತಾರು ಟನ್. ಎಲ್ಲರಿಗೂ ಲಾಟರಿ ಹೊಡೆದಂತಾಯಿತು. ಅದರ ಕಿವಿಯೊಳಗಿನ ಕಲ್ಲಿನ ಉಂಗುರ ಎಣಿಸಿ ವಯಸ್ಸು ತೆಗೆದದ್ದು ಆಮೇಲೆ. ಅದು ತತ್ತಿಗೆ ಬರುವುದೇ ಮೂವತ್ತು ವರ್ಷದ ಸುಮಾರಿಗೆ, ನೂರು ವರ್ಷ ದಾಟಿ ಬದುಕುತ್ತದೆ ಎಂದು ತಿಳಿಯುವ ಹೊತ್ತಿಗೆ ಗುಂಪುಗಳು ಕರಗಿದ್ದವು. 2006ರಲ್ಲಿ ಆಸ್ಟ್ರೇಲಿಯಾ ಅದನ್ನು ಅಪಾಯದಲ್ಲಿರುವ ಜೀವಿಗಳ ಕಾನೂನಿನ ಅಡಿ ತಂದಿತು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆಯದು ಇನ್ನೂ ಹೊಟ್ಟೆ ಉರಿಸುವ ಕಥೆ. ಆಳದ ಐದು ಜಾತಿಯ ಮೀನುಗಳ ಸಂಖ್ಯೆ ಹದಿನೇಳು ವರ್ಷದಲ್ಲಿ ನೂರಕ್ಕೆ 87ರಿಂದ 98ರಷ್ಟು ಕುಸಿಯಿತು. ಅವುಗಳಲ್ಲಿ ಕೆಲವನ್ನು ಯಾರೂ ಬೇಕೆಂದು ಹಿಡಿದದ್ದೂ ಅಲ್ಲ. ಬೇರೆ ಮೀನಿಗೆ ಹಾಕಿದ ಬಲೆಗೆ ಸುಮ್ನೆ ಬಿದ್ದು ಸತ್ತವು.

ಬಿದ್ದದ್ದನ್ನು ವಾಪಸ್ ಬಿಡಬಾರದೇ ಎಂದು ಬಹಳ ಜನ ಕೇಳುತ್ತಾರೆ. ನಾನೂರು ಮೀಟರಿನಿಂದ ಮೇಲೆ ಬಂದ ಬಲೆಯ ಚೀಲ ಬಿಚ್ಚಿದ್ದನ್ನು ನೋಡಿದವರು ಹಾಗೆ ಕೇಳುವುದಿಲ್ಲ. ಹತ್ತು ಮೀಟರಿಗೊಮ್ಮೆ ನೀರಿನ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. ಮೇಲೆ ಬರುವಾಗ ಅಷ್ಟೂ ಒಮ್ಮೆಲೇ ಇಳಿಯುತ್ತದೆ. ಒಡಲಲ್ಲಿ ಗಾಳಿಚೀಲ ಇರುವ ಮೀನಿನ ಹೊಟ್ಟೆ ತಿರುಗಿ ಬಾಯಿಗೆ ಬಂದಿರುತ್ತದೆ, ಕಣ್ಣು ಹೊರಗೆ ಚಾಚಿರುತ್ತದೆ. ಡೆಕ್ಕಿನ ಮೇಲೆ ಸುರಿದ ರಾಶಿಯಲ್ಲಿ ಮೀನಿನ ಚರ್ಮ ಚಕ್ಕೆ ಚಕ್ಕೆಯಾಗಿ ಎದ್ದಿರುತ್ತದೆ. ನಡುವೆ ಹರಿದ ಸ್ಪಂಜು, ಕೆಸರು, ಮುರಿದ ಹವಳದ ಕಡ್ಡಿ. ನಮ್ಮ ಕೆಲಸ ಜಾತಿ ಬೇರೆ ಮಾಡುವುದು, ಅಳೆಯುವುದು, ತೂಗುವುದು. ಬೇಕಾದ ಮೀನಿನ ಬುಟ್ಟಿಗಿಂತ ಬೇಡದ್ದರ ಗುಡ್ಡೆ ದೊಡ್ಡದಿರುತ್ತಿದ್ದುದೇ ಜಾಸ್ತಿ. ಅದನ್ನು ನೀರಿಗೆ ತಳ್ಳಿದರೆ ತೇಲುತ್ತಿತ್ತು, ಅಷ್ಟೇ.

ಮಗಳು ಹೇಳಿದ ಹವಳದ ಮಾತು ಉತ್ಪ್ರೇಕ್ಷೆಯಲ್ಲ. ಹವಾಯಿ ಬಳಿ ಆಳದಲ್ಲಿ ಸಿಕ್ಕ ಒಂದು ಕಪ್ಪು ಹವಳದ ವಯಸ್ಸು ನಾಲ್ಕು ಸಾವಿರ ವರ್ಷಕ್ಕೂ ಮೀರಿದ್ದು. ಬಿಸಿಲಿಲ್ಲದೆ, ಉದುರಿದ ತುಣುಕು ತಿಂದು, ವರ್ಷಕ್ಕೆ ಕೂದಲೆಳೆಗಿಂತ ಕಡಿಮೆ ದಪ್ಪವಾಗುತ್ತ ಅಷ್ಟು ಬೆಳೆದದ್ದು. ಟ್ರಾಲ್ ಬಲೆಯ ಬಾಯಿ ಅಗಲಿಸುವ ಕಬ್ಬಿಣದ ಬೋರ್ಡುಗಳು, ತಳದ ಗುಂಡುಗಳು ಅದರ ಮೇಲೆ ಒಮ್ಮೆ ಹಾದರೆ ಸಾಕು. ಟಾಸ್ಮೇನಿಯಾ ಬಳಿಯ ಸಮುದ್ರಬೆಟ್ಟಗಳಲ್ಲಿ, ಬಹಳ ಬಲೆ ಎಳೆದ ಕಡೆ ನೂರಕ್ಕೆ 95 ಭಾಗ ಬರೀ ಬಂಡೆ ಉಳಿದಿತ್ತು. ಬಲೆ ಮುಟ್ಟದ ಬೆಟ್ಟ ಹವಳದಿಂದ ತುಂಬಿತ್ತು. ಮೀನುಗಾರಿಕೆ ನಿಲ್ಲಿಸಿ ವರ್ಷಗಳಾದ ಮೇಲೆ ಹೋಗಿ ನೋಡಿದರೂ ಹವಳ ಮರಳಿರಲಿಲ್ಲ. ಹವಳ ಹೋದರೆ ಅದರ ಸಂದಿಯಲ್ಲಿ ಮರಿ ಬೆಳೆಸುವ ಮೀನು, ಏಡಿ, ನಕ್ಷತ್ರಮೀನು ಎಲ್ಲದರ ಮನೆ ಹೋಯಿತು. ಇದಕ್ಕೇ ಯುರೋಪ್ ಒಕ್ಕೂಟ 2016ರಲ್ಲಿ 800 ಮೀಟರಿನ ಕೆಳಗೆ ತಳದ ಟ್ರಾಲಿಂಗ್ ನಿಷೇಧಿಸಿತು. ನನ್ನನ್ನು ಕೇಳಿದರೆ ನಮ್ಮಲ್ಲೂ ಅಂಥದ್ದೊಂದು ಗೆರೆ ಈಗಲೇ ಬೇಕು. ನಮ್ಮ ಬೋಟುಗಳು ಅಷ್ಟು ಆಳಕ್ಕೆ ಇಳಿಯದೆ ಇರುವಾಗಲೇ ಆ ಗೆರೆ ಎಳೆದರೆ ಯಾರ ಹೊಟ್ಟೆಯ ಮೇಲೂ ಹೊಡೆದಂತಾಗುವುದಿಲ್ಲ.

ಈಗ ನಿಮ್ಮ ಕೆಂಪು ಸಿಗಡಿಗೆ ಬರೋಣ. ಅದು ಹೆಚ್ಚಾಗಿ ಕೇರಳದ ಮಾಲು. ಕೊಲ್ಲಂ ಕಡೆ ಇನ್ನೂರರಿಂದ ನಾನೂರು ಮೀಟರ್ ಆಳದಲ್ಲಿ 1999-2000ರಿಂದ ಅದಕ್ಕೆ ಬಲೆ ಹಾಕುತ್ತಿದ್ದಾರೆ. ಶುರುವಿನ ಅಬ್ಬರ ಆಮೇಲೆ ಹಾಗೇ ಉಳಿಯಲಿಲ್ಲ. ಹಸಿಯಲ್ಲೇ ಕೆಂಪಗಿರುವುದಕ್ಕೆ ಬಣ್ಣ ಹಾಕಿದ್ದಾರೆಂದು ಹೆದರಬೇಡಿ. ಕೆಂಪು ಬೆಳಕು ಆಳಕ್ಕೆ ತಲುಪುವುದೇ ಇಲ್ಲ, ಹಾಗಾಗಿ ಅಲ್ಲಿ ಕೆಂಪು ಮೈ ಕಪ್ಪಾಗಿ ಕಂಡು ಸಿಗಡಿ ಅಡಗಿಕೊಳ್ಳುತ್ತದೆ. ನಿಜವಾದ ಆಳದ ಮಾಲೇ ಅದು. ಒಂದು ಸಲ ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಕೆಲವು ಜಾತಿಗಳಲ್ಲಿ ತಲೆಯ ಮೇಲಿನ ಗರಗಸ ಉದ್ದಕ್ಕೆ ಚಾಚಿರುತ್ತದೆ, ಹೊಟ್ಟೆಯಡಿ ಕಾಲುಗಳ ನಡುವೆ ತತ್ತಿಯ ಗೊಂಚಲು ಅಂಟಿರುತ್ತದೆ. ದಂಡೆ ಕಡೆಯ ಸಿಗಡಿ ಲಕ್ಷಗಟ್ಟಲೆ ತತ್ತಿಯನ್ನು ನೀರಿಗೇ ಬಿಟ್ಟುಬಿಡುತ್ತದೆ. ಇವು ಮರಿ ಒಡೆಯುವವರೆಗೆ ಹೊತ್ತು ತಿರುಗುತ್ತವೆ. ಪೆಟ್ಟಿಗೆ ತುಂಬಾ ತತ್ತಿ ಹೊತ್ತವೇ ಇದ್ದರೆ ಮುಂದಿನ ಪೀಳಿಗೆಯನ್ನೂ ಸೇರಿಸಿ ತೂಗಿದ್ದಾರೆ ಎಂದೇ ಲೆಕ್ಕ. ಈ ಸಿಗಡಿ ನೂರು ವರ್ಷ ಬದುಕುವುದಿಲ್ಲ, ಕೆಲವೇ ವರ್ಷ. ಹಾಗಾಗಿ ಇದು ಆರೆಂಜ್ ರಫಿಯಷ್ಟು ನಾಜೂಕಲ್ಲ. ಆದರೆ ಜತೆಗೆ ಬಲೆಗೆ ಬೀಳುವ ಗಲ್ಪರ್ ಶಾರ್ಕ್‌ನಂಥವು ಬಹಳ ನಾಜೂಕು. ಸುಮಾರು ಎರಡು ವರ್ಷದ ಗರ್ಭ, ಒಂದೋ ಎರಡೋ ಮರಿ. ಪಕ್ಕದ ಮಾಲ್ಡೀವ್ಸ್‌ನಲ್ಲಿ ಅದರ ಪಿತ್ತಜನಕಾಂಗದ ಎಣ್ಣೆಗಾಗಿ 1980ರಲ್ಲಿ ಶುರುವಾದ ಬೇಟೆ ಇಪ್ಪತ್ತು ವರ್ಷ ಮುಗಿಯುತ್ತಲೇ ಮೀನಿಲ್ಲದೆ ನಿಂತುಹೋಯಿತು.

ಸಿಗಡಿಯನ್ನು ಖಾನಾವಳಿಯ ಕಣ್ಣಿನಿಂದಲೂ ನೋಡಿ. ತಲೆ ದೊಡ್ಡದು, ಸುಲಿದ ಮೇಲೆ ಉಳಿಯುವ ಮಾಂಸ ಕಡಿಮೆ. ಬೇಗ ಮೆತ್ತಗಾಗುತ್ತದೆ. ಅಗ್ಗ ಎಂದು ಕೊಂಡದ್ದನ್ನು ಸುಲಿದು ತೂಗಿದರೆ ಅಗ್ಗ ಉಳಿಯುವುದು ಅನುಮಾನ. ಒಂದು ಕಿಲೋ ಸುಲಿಸಿ ನೋಡಿ, ತಕ್ಕಡಿಯೇ ಹೇಳುತ್ತದೆ.

ಬಿಳಿ ಫಿಲೆಟ್ ಬಗ್ಗೆ ನನಗೆ ಹೆಚ್ಚು ಆತಂಕ. ಅದು ಬಹುಶಃ ಬಾಸಾ. ಕೆರೆಯಲ್ಲಿ ಸಾಕಿದ ಮೀನು, ಸಮುದ್ರವನ್ನೇ ಕಂಡಿಲ್ಲ! ಬಾಸಾ ಆದರೆ ತೊಂದರೆ ಇಲ್ಲ, ಬಾಸಾ ಎಂದೇ ಹೇಳಿ ಮಾರಿ. ಆದರೆ ಆಳದಲ್ಲಿ ಎಸ್ಕೊಲಾರ್, ಆಯಿಲ್ ಫಿಶ್ ಎಂಬ ಮೀನುಗಳಿವೆ. ನೋಡಲು ಬೆಳ್ಳಗೆ, ತಿನ್ನಲು ಬೆಣ್ಣೆ. ಅದರ ಮೇಣದಂಥ ಎಣ್ಣೆ ನಮಗೆ ಅರಗುವುದಿಲ್ಲ. ತಿಂದವರಿಗೆ ಕೆಲವೇ ಗಂಟೆಯಲ್ಲಿ ಎಣ್ಣೆ ಎಣ್ಣೆ ಭೇದಿ. ಜಪಾನಿನಲ್ಲಿ ಎಸ್ಕೊಲಾರ್ ಮಾರಾಟಕ್ಕೆ ನಿಷೇಧ ಇದೆ. ಪ್ಯಾಕೆಟ್ಟಿನ ಮೇಲೆ ಮೀನಿನ ಹೆಸರಿಲ್ಲದೆ ಬರೀ ‘ಡೀಪ್ ಸೀ ಫಿಲೆಟ್’ ಎಂದಿದ್ದರೆ ಮುಟ್ಟಲೇಬೇಡಿ. ಹೊಲಸಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ಬಹಳ ವರ್ಷ ಬದುಕಿ, ಬೇರೆ ಮೀನು ತಿನ್ನುವ ಮೀನಿನಲ್ಲಿ ಪಾದರಸ ಸೇರುತ್ತಲೇ ಹೋಗುತ್ತದೆ. ಅಮೆರಿಕದ ಆಹಾರ ಇಲಾಖೆ ಗರ್ಭಿಣಿಯರಿಗೆ ಬೇಡ ಎಂದು ಹೇಳಿದ ಪಟ್ಟಿಯಲ್ಲಿ ಆರೆಂಜ್ ರಫಿ, ಶಾರ್ಕ್ ಎರಡೂ ಇವೆ. ಮರಿಯಾನಾ ಕಂದಕದಲ್ಲಿ ಹತ್ತು ಸಾವಿರ ಮೀಟರ್ ಕೆಳಗೂ ಪ್ಲಾಸ್ಟಿಕ್ ಚೀಲ ಸಿಕ್ಕಿದೆ. ಬಂಗಡೆ, ತಾರ್ಲೆಯಂಥ ಸಣ್ಣ ಆಯುಷ್ಯದ ಮೀನಿನಲ್ಲಿ ಪಾದರಸ ಕಡಿಮೆ.

ಹಾಗಾದರೆ ಏನು ಕೊಳ್ಳಬೇಕು? ನನ್ನ ಮೊದಲ ಆಯ್ಕೆ ಬಂಗಡೆ, ತಾರ್ಲೆಯೇ. ವರ್ಷದ ಸುಮಾರಿಗೆ ತತ್ತಿಗೆ ಬರುತ್ತವೆ, ಬೇಗ ಚೇತರಿಸಿಕೊಳ್ಳುತ್ತವೆ. ಇದರಲ್ಲಿ ಎರಡು ಎಚ್ಚರ. ಒಂದು, ಮರಿ ಬೇಡ. ಕೇರಳದಲ್ಲಿ 14 ಸೆಂಟಿಮೀಟರಿಗಿಂತ ಸಣ್ಣ ಬಂಗಡೆ, 10 ಸೆಂಟಿಮೀಟರಿಗಿಂತ ಸಣ್ಣ ತಾರ್ಲೆ ಹಿಡಿಯುವ ಹಾಗಿಲ್ಲ. ನಾನಂತೂ ಬಂಗಡೆಗೆ ಇನ್ನೂ ಸ್ವಲ್ಪ ಬಿಗಿ. ಚೋಟುದ್ದದ್ದು ಬಿಟ್ಟುಬಿಡಿ, ಗೇಣಿನ ಹತ್ತಿರದ್ದು ತಗೊಳ್ಳಿ. ಎರಡು, ಐಸು. ಬಂಗಡೆ, ಟ್ಯೂನಾ ಬಿಸಿಲಿಗೆ ಬಿದ್ದರೆ ಹಿಸ್ಟಮಿನ್ ಎಂಬ ವಿಷದಂಥ ಪದಾರ್ಥ ಹುಟ್ಟುತ್ತದೆ. ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಅರಬೈಲ್ ಘಾಟ್ ಹತ್ತಿ ಬಂದ ಪೆಟ್ಟಿಗೆಯ ತಳದ ಮೀನಿಗೂ ಐಸು ತಾಗಿದೆಯೇ ಕೈ ಹಾಕಿ ನೋಡಿ. ಗಾಳ ಹಾಕಿ ಹಿಡಿದ ಟ್ಯೂನಾ ಸಿಕ್ಕರೆ ಒಳ್ಳೆಯದೇ, ತಳಕ್ಕೇನೂ ಆಗುವುದಿಲ್ಲ. ಆದರೆ ಹುಬ್ಬಳ್ಳಿಯ ಗಿರಾಕಿಗೆ ಆ ಕೆಂಪು ಮಾಂಸ ಒಗ್ಗುವುದು ಕಷ್ಟ, ಅದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ಕೆಂಪು ಸಿಗಡಿ ಬೇಕೇ ಬೇಕಾದರೆ ದಿನದ ಮಾಲು ಮಾಡಬೇಡಿ. ಶಾರ್ಕ್ ಬೇಡ.

ನೀವೊಬ್ಬರು ಬಿಟ್ಟರೆ ಏನಾಗುತ್ತದೆ? ಸಮುದ್ರಕ್ಕೆ ಗೊತ್ತೂ ಆಗುವುದಿಲ್ಲ. ಆದರೆ ಏಜೆಂಟರಿಗೆ ಗೊತ್ತಾಗುತ್ತದೆ. ಗದಗ, ಹಾವೇರಿ ಕಡೆ ಹೋಗುವ ಮಾಲಿಗೂ ಹುಬ್ಬಳ್ಳಿಯೇ ಬಾಗಿಲು. ಮರಿ ಬಂಗಡೆಗೆ ಇಲ್ಲಿ ರೇಟು ಸಿಗುತ್ತದೆ ಎಂದಾದರೆ ಅಲ್ಲಿ ಹಿಡಿಯುತ್ತಾರೆ. ಬೋಟಿನವರನ್ನು ಖಳನಾಯಕರನ್ನಾಗಿ ಮಾಡುವುದು ನನಗೆ ಇಷ್ಟವಿಲ್ಲ. ಡೀಸೆಲ್ ಸಾಲ ತಲೆಯ ಮೇಲಿದ್ದರೆ ಯಾರಾದರೂ ಸಿಕ್ಕಿದ್ದನ್ನು ಬಾಚುತ್ತಾರೆ. ಎಲ್‌ಇಡಿ ಲೈಟು ಹಾಕಿ ಹಿಡಿಯುವುದು, ಎರಡು ಬೋಟು ಸೇರಿ ಎಳೆಯುವ ಬುಲ್ ಟ್ರಾಲಿಂಗ್ ಎರಡಕ್ಕೂ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧ ಹೇರಿದೆ. ಆದರೂ ಬಂದರಿನಲ್ಲಿ ಆ ಜಗಳ ನಿಂತಿಲ್ಲ. ದಂಡೆಯಲ್ಲಿ ಬೋಟು ಜಾಸ್ತಿಯಾಗಿವೆ, ಆದ್ದರಿಂದ ಆಳಕ್ಕೆ ಕಳಿಸೋಣ ಎಂಬ ಸರ್ಕಾರಗಳ ಉತ್ಸಾಹದ ಬಗ್ಗೆಯೂ ನನಗೆ ಅರ್ಧ ಒಪ್ಪಿಗೆ. ದೂರದ ಸಮುದ್ರದಲ್ಲಿ ಮೇಲ್ನೀರಿನ ಟ್ಯೂನಾಕ್ಕೆ ಗಾಳ ಹಾಕುವುದಾದರೆ ಸರಿ. ದಂಡೆಯಲ್ಲಿ ಎಳೆದ ಟ್ರಾಲನ್ನೇ ಆ ಕಡಿದಾದ ಇಳಿಜಾರಿಗೆ ಒಯ್ಯುವುದಾದರೆ ಬೇಡ.

ಮಗಳಿಗೆ ದೂರ ಹೋಗುವ ಅಗತ್ಯವಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದೇ ಸಾಗರ ಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲಿದೆ. ಡಿಗ್ರಿಯಲ್ಲಿ ಪ್ರಾಣಿಶಾಸ್ತ್ರ ಇದ್ದರೆ ಅನುಕೂಲ. ಹೋಗುವ ಮೊದಲು ಬೆಳಗಿನ ಜಾವ ಒಂದು ದಿನ ನಿಮ್ಮ ಜತೆ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ. ಒಂದು ಸ್ಕೇಲ್ ಕೊಟ್ಟು ಪೆಟ್ಟಿಗೆಯ ಬಂಗಡೆ ಅಳೆಯಲು ಹೇಳಿ.

ಮುಂದಿನ ಮಳೆಗಾಲದ ವಿಚಾರ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟು ಇಳಿಯುವ ಹಾಗಿಲ್ಲ. ಆಗಲೇ ‘ಡೀಪ್ ಸೀ’ ಪ್ಯಾಕೆಟ್ಟಿನವರು ಜಾಸ್ತಿ ಸುಳಿದಾಡುವುದು. ಆ ಎರಡು ತಿಂಗಳು ತುಂಗಭದ್ರೆ ಕಡೆಯ ಕಾಟ್ಲಾ, ರೋಹು ಇಡಿ, ಜತೆಗೆ ಒಣಮೀನಿನ ಚಟ್ನಿ ಮಾಡಿ. ಮುಳ್ಳು ಜಾಸ್ತಿ ಎಂದು ಗೊಣಗುವವರಿಗೆ ದೊಡ್ಡ ಕಾಟ್ಲಾದ ನಡುತುಂಡು ಕೊಡಿ. ಬೋಟು ಇಳಿಯುವ ಹೊತ್ತಿಗೆ ಶ್ರಾವಣವೂ ಬಂದಿರುತ್ತದೆ, ಅರ್ಧ ಗಿರಾಕಿ ಹೇಗೂ ಮೀನು ಮುಟ್ಟುವುದಿಲ್ಲ. ಆಗಸ್ಟ್ ಮೊದಲ ವಾರಗಳ ಮಾಲಿನಲ್ಲಿ ಆ ವರ್ಷದ ಮರಿಗಳೇ ತುಂಬಿರುವುದುಂಟು. ಅವಸರ ಬೇಡ. ಆ ಸಮಯದಲ್ಲಿ ಪೆಟ್ಟಿಗೆ ಬಿಚ್ಚಿಸಿ, ಗಾತ್ರ ನೋಡಿಯೇ ದುಡ್ಡು ಕೊಡಿ.